ಸೇತುವೆ ಮುಚ್ಚುವ ಮುನ್ನ

"ರೀ! ಮೊದಲು ಆ ಬೋರ್ಡ್ ಮೇಲಿಂದ ಕೈ ತೆಗೀರಿ!"

ಬಾಗಿಲಲ್ಲೇ ನಿಂತು ಅವಳು ಗದರಿದ ರಭಸಕ್ಕೆ ಅವನ ಕೈಯಲ್ಲಿದ್ದ ಒರೆಸುವ ಬಟ್ಟೆ ಜಾರಿ ನೆಲಕ್ಕೆ ಬಿತ್ತು.

ಯಾರಿವನು...? ಕೆದರಿದ ತಲೆ, ನಿದ್ದೆಗೆಟ್ಟ ಕೆಂಪು ಕಣ್ಣು, ಒಂದು ಗುಂಡಿ ತಪ್ಪಿ ಹಾಕಿಕೊಂಡ ಅಂಗಿ. ಬೆಳಗ್ಗೆ ಬೆಳಗ್ಗೆ ಡಯಾಲಿಸಿಸ್ ಕೇಂದ್ರದೊಳಗೆ ನುಗ್ಗಿ ಅವಳ ಬೋರ್ಡನ್ನೇ ಅಳಿಸುತ್ತಿದ್ದಾನೆ! ಯಾರಿಗೆ ಯಾವ ದಿನ, ಯಾವ ಪಾಳಿ ಎಂದು ನಿನ್ನೆ ಸಂಜೆ ಕೂತು ಅವಳು ಬರೆದದ್ದು. 'ನಾಳಿದ್ದು' ಎಂಬುದರ ಕೆಳಗಿದ್ದ ಹೆಸರುಗಳೆಲ್ಲ ಮಾಯ. 'ಇವತ್ತು' ಎಂಬುದರ ಕೆಳಗೆ, ಕೋಳಿ ಕೆದರಿದಂಥ ಅಕ್ಷರದಲ್ಲಿ, ಹೊಸದಾಗಿ ಒಂದೇ ಒಂದು ಹೆಸರು. 'ಕಂಡಕ್ಟರ್'.

ಅವಳು ಅಲ್ಲಿಯ ನರ್ಸ್. ಬರುವ ರೋಗಿಗಳಿಗೆಲ್ಲ ಅಡ್ಡಹೆಸರಿಟ್ಟಿದ್ದಳು, ಬೋರ್ಡಿನ ಮೇಲೂ ಅದನ್ನೇ ಬರೆಯುತ್ತಿದ್ದಳು. ಕಂಡಕ್ಟರ್ ಎಂದರೆ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದು ನಿವೃತ್ತರಾದ ಹಿರಿಯರು. ಎಲ್ಲರನ್ನೂ ನಗಿಸುವವರು, ಅವಳನ್ನು ಮಗಳೇ ಎಂದು ಕರೆಯುವವರು.

"ಕಂಡಕ್ಟರ್ ನಿಮಗೆ ಏನಾಗಬೇಕು?"

"ಅಪ್ಪ. ನೋಡಿ, ನಾಳಿದ್ದು ಆಗಲ್ಲ. ಇವತ್ತು, ನಾಳೆ ಒಳಗೆ ಮುಗಿಸಬೇಕು. ಒಂದು ನಿಮಿಷ ಕೇಳಿದ್ರೆ..."

"ಓಹೋ, ಮಗನಾ! ಎರಡು ವರ್ಷದಿಂದ ನಿಮ್ಮಪ್ಪ ಒಬ್ಬರೇ ವ್ಯಾನ್ ಹತ್ತಿ ಬರ್ತಾರೆ, ಒಬ್ಬರೇ ಹೋಗ್ತಾರೆ. ಒಂದು ದಿನಾನೂ ಈ ಕಡೆ ತಲೆ ಹಾಕದೋರು, ಚಂಡಮಾರುತ ಅಂದ ತಕ್ಷಣ ಓಡಿ ಬಂದು ಅವರನ್ನ ಎಲ್ಲರಿಗಿಂತ ಮುಂದೆ ತಳ್ಳೋಕೆ ನೋಡ್ತಿದ್ದೀರಾ?"

"ಅಯ್ಯೋ, ಹಾಗಲ್ಲ..."

"ನಿಮ್ಮಪ್ಪ ಒಬ್ಬರೇ ಬದುಕಬೇಕಾ? ಉಳಿದವರ ಮನೇಲೂ ಮಕ್ಕಳಿದ್ದಾರೆ! ಇಲ್ಲಿ ಯಾರ ಶಿಫಾರಸೂ ನಡೆಯಲ್ಲ. ಪಾಳಿ ಅಂದ್ರೆ ಪಾಳಿ!"

ಅವನ ಮುಖ ಕಪ್ಪಿಟ್ಟಿತು. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ಅತ್ತಲಿನ ಮಾತು ಕೇಳುತ್ತಲೇ, "ಬಂದೆ ಸರ್, ಈಗಲೇ ಬಂದೆ" ಎಂದು ಬಾಗಿಲ ಕಡೆ ಓಡಿದ. ಹೊಸ್ತಿಲಲ್ಲಿ ಒಮ್ಮೆ ತಿರುಗಿ, "ದಯವಿಟ್ಟು ಸುದ್ದಿಯ ಮೇಲಿನ ಸಾಲಷ್ಟೇ ಓದಿ ಬಿಡಬೇಡಿ" ಎಂದ. ಹೋಗಿಯೇಬಿಟ್ಟ.

*ಇದೆಂಥ ಮಾತು...! ತಲೆ ಸರಿ ಇದೆಯಾ ಇವನಿಗೆ?*

ಅವಳಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ನಿಜ. ಆದರೆ ಪಾಳಿಯ ವಿಷಯದಲ್ಲಿ ಅದಕ್ಕೆ ಕಾರಣವೂ ಇತ್ತು. ಅಲ್ಲಿ ಇದ್ದದ್ದು ಆರೇ ಯಂತ್ರ. ಮೂತ್ರಪಿಂಡ ಕೈಕೊಟ್ಟವರ ರಕ್ತವನ್ನು ಅವು ತೊಳೆದು ತಿರುಗಿ ಕೊಡಬೇಕು. ಒಬ್ಬೊಬ್ಬರಿಗೆ ನಾಲ್ಕು ಗಂಟೆ, ವಾರಕ್ಕೆ ಎರಡು ಸಲ. ಪಾಳಿ ತಪ್ಪಿದರೆ ಮೈಯಲ್ಲಿ ನೀರು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಒಬ್ಬರನ್ನು ಮುಂದೆ ತಂದರೆ ಇನ್ನೊಬ್ಬರು ಹಿಂದೆ ಬೀಳುತ್ತಾರೆ. ಹಾಗಾಗಿ ಅವಳು ಯಾರ ಮುಲಾಜೂ ನೋಡುತ್ತಿರಲಿಲ್ಲ.

ಅಳಿಸಿದ ಹೆಸರುಗಳನ್ನೆಲ್ಲ ಗೊಣಗುತ್ತ ಮತ್ತೆ ಬರೆದಳು. ಕಂಡಕ್ಟರ್ ಮತ್ತೆ 'ನಾಳಿದ್ದು' ಕೆಳಗೇ ಹೋದರು.

ಯಂತ್ರಕ್ಕೆ ಜೋಡಿಸಿಕೊಂಡು ಮಲಗಿದ್ದ ಟೀಚರಮ್ಮ ಎಲ್ಲ ನೋಡುತ್ತಿದ್ದರು. ಅವರ ಮನೆ ನದಿಯ ಆಚೆ. ಊರು ಎರಡು ಭಾಗ, ನಡುವೆ ಒಂದೇ ಸೇತುವೆ. ರೋಗಿಗಳಲ್ಲಿ ಅರ್ಧಕ್ಕರ್ಧ ಜನ ಆ ಕಡೆಯಿಂದಲೇ ಬರಬೇಕು.

"ಸಿಸ್ಟರ್, ಚಂಡಮಾರುತ ದಡ ದಾಟೋದು ನಾಳಿದ್ದು ಮಧ್ಯಾಹ್ನ ಅಂತ ಸುದ್ದೀಲಿ ಹೇಳಿದ್ರು. ನಾಳಿದ್ದಿನವರು ಬೆಳಗ್ಗೆ ಬೇಗ ಬಂದು ಮುಗಿಸ್ಕೊಂಡು ಹೋಗಬಹುದು, ಅಲ್ವಾ?"

"ಅದೇ ಲೆಕ್ಕದಲ್ಲೇ ಬರೆದಿದ್ದೀನಿ ಟೀಚರಮ್ಮ. ಮಧ್ಯಾಹ್ನ ತಾನೇ ಬರೋದು? ಬೆಳಗಿನ ಜಾವ ನಾಲ್ಕಕ್ಕೇ ಶುರು ಮಾಡಿದ್ರೆ ಎರಡು ಪಾಳಿಯೂ ಸಲೀಸಾಗಿ ಮುಗಿಯುತ್ತೆ."

ಹೇಳಿದಳು. ಆದರೆ ಹೇಳುತ್ತಿದ್ದಂತೆ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. *ಮೇಲಿನ ಸಾಲಷ್ಟೇ ಓದಿ ಬಿಡಬೇಡಿ...* ಯಾಕೆ ಹಾಗೆಂದ? ಅಪ್ಪನನ್ನು ಮುಂದೆ ತಳ್ಳಲು ಬಂದವನು ಅಷ್ಟು ದೈನ್ಯದಿಂದ ಯಾಕೆ ನೋಡಿದ?

ಒಂದೆರಡು ಗಂಟೆ ತಡೆದಳು. ಆಮೇಲೆ ತಡೆಯಲಾಗಲಿಲ್ಲ. ಹವಾಮಾನ ಕಚೇರಿಯವರು ಸಾರ್ವಜನಿಕರಿಗೆ ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದಳು.

"ಹವಾಮಾನ ಕಚೇರಿ, ಹೇಳಿ." ಆ ಕಡೆ ದಣಿದ ಗಂಡು ದನಿ.

"ಚಂಡಮಾರುತ ನಾಳಿದ್ದು ಮಧ್ಯಾಹ್ನ ಬರೋದು ಖಂಡಿತಾನಾ? ಅಷ್ಟರ ತನಕ ಓಡಾಡೋಕೆ ತೊಂದರೆ ಇಲ್ಲ ತಾನೇ?"

"ಎಲ್ಲರೂ ಹೀಗೇ ಕೇಳ್ತಾರೆ. ನಾಳಿದ್ದು ಮಧ್ಯಾಹ್ನ ದಡ ದಾಟೋದು ಅದರ ನಡುಭಾಗ. ಗಾಳಿ ಅದಕ್ಕೂ ಎಷ್ಟೋ ಮುಂಚೆ ಬರುತ್ತೆ. ಮನೆಗೆ ನೆಂಟರು ಮಧ್ಯಾಹ್ನದ ಊಟಕ್ಕೆ ಬರ್ತೀವಿ ಅಂತ ಹೇಳಿ, ಅವರ ಮಕ್ಕಳು ಹಿಂದಿನ ದಿನವೇ ಬಂದು ಮನೆಯೆಲ್ಲ ಚೆಲ್ಲಾಪಿಲ್ಲಿ ಮಾಡಿದ ಹಾಗೆ. ಇದೆಲ್ಲ ಸುದ್ದಿಯ ಕೆಳಗಿನ ಸಾಲುಗಳಲ್ಲಿರುತ್ತೆ. ಯಾರೂ ಓದಲ್ಲ."

"ಹಾಗಾದ್ರೆ... ಸೇತುವೆ?"

"ನಾಳೆ ಸಂಜೆ ಹೊತ್ತಿಗೆ ಮುಚ್ತಾರೆ. ನಾಳಿದ್ದು ಬೆಳಗ್ಗೆ ಒಂದು ನಾಯಿಯೂ ಅದರ ಮೇಲೆ ನಡೆಯೋಕಾಗಲ್ಲ. ಕರೆಂಟೂ ಇರಲ್ಲ."

ಅವಳು ಬೋರ್ಡಿನ ಕಡೆ ನೋಡಿದಳು. 'ನಾಳಿದ್ದು' ಎಂಬುದರ ಕೆಳಗೆ ಹನ್ನೆರಡು ಜನ! ವರ್ಷಗಟ್ಟಲೆ ಯಂತ್ರಗಳ ಜೊತೆ ಬಾಳಿದವಳು ಅವಳು. ಯಂತ್ರ ಎಷ್ಟು ಗಂಟೆಗೆ ಶುರು ಎಂದರೆ ಅಷ್ಟಕ್ಕೇ ಶುರು. ಚಂಡಮಾರುತವನ್ನೂ ಯಂತ್ರದ ಹಾಗೇ ಎಣಿಸಿಬಿಟ್ಟಿದ್ದಳು...

"ನಾನು ಡಯಾಲಿಸಿಸ್ ಕೇಂದ್ರದಿಂದ ಮಾತಾಡ್ತಿರೋದು," ಎಂದಳು. "ನಮ್ಮಲ್ಲಿ ನಾಳಿದ್ದಿನ ಪಾಳಿಗೆ..."

"ಗೊತ್ತು. ಬೋರ್ಡ್ ನೋಡಿದ್ದೆ."

ಅವಳು ನಾಲಿಗೆ ಕಚ್ಚಿಕೊಂಡಳು. ಅದೇ ದನಿ! ಕಂಡಕ್ಟರ್ ಬಂದಾಗಲೆಲ್ಲ ಹೇಳುತ್ತಿದ್ದರಲ್ಲ, ನನ್ನ ಮಗ ಗಾಳಿ ಕಾಯೋ ಕೆಲಸದಲ್ಲಿದ್ದಾನೆ, ಅವನಿಗೆ ಹಗಲೂ ಇಲ್ಲ ರಾತ್ರಿಯೂ ಇಲ್ಲ ಅಂತ...

"ನೀವೇನಾ... ಆ ಗಾಳಿರಾಯ?"

"ಅಪ್ಪ ಇಟ್ಟ ಹೆಸರು ಅಲ್ಲಿಗೂ ಬಂದಿದೆಯಾ?" ಅವನು ಸಣ್ಣಗೆ ನಕ್ಕ.

"ಆದರೆ ನೀವು ನಿಮ್ಮಪ್ಪನ ಹೆಸರು ಮಾತ್ರ..."

"ನಾಳಿದ್ದಿನ ಸಾಲಲ್ಲಿ ಮೊದಲನೇ ಹೆಸರೇ ಅವರದು. ಅದನ್ನ ಬರೆದೆ. ಎರಡನೇದು ಬರೆಯೋಷ್ಟರಲ್ಲಿ ನೀವು ಬಂದ್ರಿ. ಎಲ್ಲರನ್ನೂ ಈ ಕಡೆ ತರೋಣ ಅಂತಿದ್ದೆ. ಕೇಳದೆ ಬೋರ್ಡ್ ಮುಟ್ಟಿದ್ದು ನನ್ನ ತಪ್ಪು. ಡ್ಯೂಟಿ ಮುಗಿಸಿ ನೇರ ಬಂದಿದ್ದೆ, ತಲೆ ಓಡಲಿಲ್ಲ."

ಅವಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. *ನಿಮ್ಮಪ್ಪ ಒಬ್ಬರೇ ಬದುಕಬೇಕಾ ಅಂದೆನಲ್ಲ...! ಹನ್ನೆರಡು ಜನಕ್ಕಾಗಿ ಓಡಿ ಬಂದವನಿಗೆ!*

"ನಾನು... ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಹೊಟ್ಟೆಗೆ ಹಾಕ್ಕೊಳ್ಳಿ."

"ಬೈಗುಳ ಆಮೇಲೆ ಲೆಕ್ಕ ಮಾಡೋಣ. ಈಗ ಕೆಲಸ ಶುರು ಮಾಡಿ. ಮೂರು ಗಂಟೆಗೊಮ್ಮೆ ಹೊಸ ಸುದ್ದಿ ಹೊರಡುತ್ತೆ. ಪ್ರತಿ ಸಲ ನಾನೇ ನಿಮಗೆ ಫೋನ್ ಮಾಡಿ ಕೆಳಗಿನ ಸಾಲೂ ಓದಿ ಹೇಳ್ತೀನಿ. ಆಯ್ತಾ?"

ಆಯ್ತು ಎಂದವಳೇ ಅವಳು ಫೋನಿಟ್ಟಳು.

ಮುಂದಿನ ಕೆಲಸ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ನಡೆಯಿತು. ಡಾಕ್ಟರಮ್ಮನನ್ನು ಹುಡುಕಿ ವಿಷಯ ಹೇಳಿದಳು. ಅವರು ಒಂದೇ ಮಾತಿಗೆ ಒಪ್ಪಿದರು. ಎಲ್ಲರ ಪಾಳಿಯನ್ನೂ ನಾಲ್ಕು ಗಂಟೆಯಿಂದ ಎರಡೂವರೆಗೆ ಇಳಿಸುವುದು. ಉಳಿಸಿದ ಹೊತ್ತಿನಲ್ಲಿ ನಾಳಿದ್ದಿನವರನ್ನೂ ನಾಳೆ ಸಂಜೆಯೊಳಗೆ ಮುಗಿಸುವುದು. ನದಿಯಾಚೆಯವರು ಮೊದಲು, ಈಚೆಯವರು ಆಮೇಲೆ.

ಟೀಚರಮ್ಮನ ಪಾಳಿಯಲ್ಲಿ ಇನ್ನೂ ಒಂದು ಗಂಟೆ ಬಾಕಿಯಿತ್ತು.

"ನನ್ನದು ಈಗಲೇ ಬಿಚ್ಚಮ್ಮ, ಇನ್ನೊಬ್ಬರಿಗೆ ಆಗಲಿ. ಆಮೇಲೆ ಬೇಕಾದ್ರೆ ಒಂದು ಲೋಟ ನೀರು ಕಮ್ಮಿ ಕುಡೀತೀನಿ." ಅವರು ನಕ್ಕರು. ಆ ನಗುವಿಗೆ ಅವಳ ಕಣ್ಣು ತುಂಬಿತು.

ನೀರಿನ ಶುದ್ಧೀಕರಣ ನೋಡಿಕೊಳ್ಳುವವನನ್ನು ಎಲ್ಲರೂ ನೀರಣ್ಣ ಎನ್ನುತ್ತಿದ್ದರು. ಡಯಾಲಿಸಿಸ್‌ಗೆ ರಕ್ತ ತೊಳೆಯಲು ಬೇಕಾಗುವ ನೀರು ಒಂದೆರಡು ಕೊಡವಲ್ಲ. ಮಾಳಿಗೆ ಮೇಲಿನ ಟ್ಯಾಂಕು, ಕೆಳಗಿನ ತೊಟ್ಟಿ, ಅಡುಗೆಮನೆಯ ಡ್ರಮ್ಮು... ಕಣ್ಣಿಗೆ ಬಿದ್ದ ಪಾತ್ರೆಗಳನ್ನೆಲ್ಲ ಅವನು ತುಂಬಿಸಿದ. ಜನರೇಟರಿಗೆ ಡೀಸೆಲ್ ತಂದ. ಕಿಟಕಿಗಳಿಗೆ ಹಲಗೆ ಹೊಡೆದ. ಅವಳು ಮನೆಮನೆಗೂ ಫೋನ್ ಮಾಡಿ ಗದರಿದಳು. "ಬಾಳೆಹಣ್ಣು ಮುಟ್ಟಬೇಡಿ! ಎಳನೀರು ಅಂತೂ ಬೇಡವೇ ಬೇಡ, ಎದೆಬಡಿತಾನೇ ನಿಂತುಹೋಗುತ್ತೆ! ಬಾಯಾರಿದ್ರೆ ಐಸ್ ತುಂಡು ಚೀಪಿ. ಇನ್ನು ಮೂರ್ನಾಲ್ಕು ದಿನ ನನಗೆ ನಿಮ್ಮ ಜೀವ ಬೇಕು!"

ಮೂರು ಗಂಟೆಗೊಮ್ಮೆ ಅವನ ಫೋನು ಬರುತ್ತಿತ್ತು.

"ಹಲೋ... ನೋಡಿ... ಈಗ ಸ್ವಲ್ಪ ಉತ್ತರಕ್ಕೆ ವಾಲಿದೆ. ಆದ್ರೆ ನೆಚ್ಚಿಕೋಬೇಡಿ."

"ಹಲೋ... ಅದೇ... ವೇಗ ಹಾಗೇ ಇದೆ. ನಿಮ್ಮದು ಎಷ್ಟು ಜನ ಆಯ್ತು?"

ಎಷ್ಟು ಜನ ಆಯ್ತು ಎಂದು ಅವನು ಕೇಳುವ ರೀತಿಯಲ್ಲೇ ಅವಳಿಗೆ ಧೈರ್ಯ ಬರುತ್ತಿತ್ತು. ಸಮುದ್ರದ ಮೇಲಿನ ಅಷ್ಟು ದೊಡ್ಡ ಗಾಳಿಯ ಮೇಲೆ ಕಣ್ಣಿಟ್ಟವನು, ಅವಳ ಆರು ಮಂಚಗಳ ಲೆಕ್ಕವನ್ನೂ ನೆನಪಿಟ್ಟುಕೊಂಡಿದ್ದ. ಫೋನಿನ ಹೊತ್ತು ಹತ್ತಿರ ಬಂದರೆ ಅವಳ ಕಿವಿ ತಾನಾಗಿ ನೆಟ್ಟಗಾಗುತ್ತಿತ್ತು.

*ಛೆ... ಇದೇನು ಹುಡುಗಾಟ, ಇಂಥ ಹೊತ್ತಲ್ಲಿ!*

ಆದರೆ ಒಂದು ಮಾತ್ರ ಅರ್ಥವಾಗಲಿಲ್ಲ. ಊರಿಗೆ ಊರೇ ಅವಳನ್ನು ಸಿಸ್ಟರ್ ಎನ್ನುತ್ತಿತ್ತು. ಇವನು ಮಾತ್ರ 'ನೋಡಿ', 'ಅದೇ', 'ಅಂದ್ರೆ' ಎಂದು ಏನೇನೋ ತಡಕಾಡುತ್ತಿದ್ದ. ಕೋಪ ಇನ್ನೂ ಇಳಿದಿಲ್ಲವೇನೋ ಎಂದು ಅವಳಿಗೆ ಅಳುಕು.

ಮರುದಿನ ಬೆಳಗ್ಗೆಯೇ ಕಂಡಕ್ಟರ್ ವ್ಯಾನಿನಿಂದ ಇಳಿದರು. ಬಗಲಲ್ಲಿ ಬಟ್ಟೆಯ ಚೀಲ, ಮುಖದಲ್ಲಿ ಅದೇ ಹಳೇ ನಗು.

"ಏನು ಮಗಳೇ, ನಮ್ಮ ಗಾಳಿರಾಯನಿಗೆ ಚೆನ್ನಾಗಿ ಚಳಿ ಬಿಡಿಸಿದೆಯಂತೆ?"

"ನಿಮ್ಮ ಮಗನಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆ. ಎಲ್ಲರ ಹಾಗೆ ಸಿಸ್ಟರ್ ಅಂತ ಕರೆಯೋಕೂ ಆಗಲ್ಲ ಅವರಿಗೆ."

ಕಂಡಕ್ಟರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಕೆಮ್ಮಿದರು. ಕೆಮ್ಮಿ ಮತ್ತೆ ನಕ್ಕರು.

"ಅವನು ಕರೆಯೋದೂ ಇಲ್ಲ, ನೀನು ಕಾಯೋದೂ ಬೇಡ! ಎರಡು ವರ್ಷದಿಂದ ನಾನು ಮನೆಗೆ ಹೋದ ಕೂಡಲೇ ಅವನು ಕೇಳೋದು ಒಂದೇ. ಅಪ್ಪ, ಅವರು ಇವತ್ತು ಏನಂದ್ರು? ನಿನ್ನ ಸುದ್ದಿ ಕೇಳದೆ ಅವನಿಗೆ ತುತ್ತು ಇಳಿಯಲ್ಲ. ಅಂಥವನ ಬಾಯಲ್ಲಿ ನಿನ್ನನ್ನ ಸಿಸ್ಟರ್ ಅನ್ನೋ ಮಾತು ಹೇಗೆ ಬಂದೀತು, ನೀನೇ ಹೇಳು!"

ಅವಳು ಕೈಯಲ್ಲಿದ್ದ ಹತ್ತಿಯ ಡಬ್ಬಿ ಹಿಡಿದು ಸರ್ರನೆ ತಿರುಗಿ ಹೋದಳು. ಮಾತ್ರೆ ಕೊಡಬೇಕಾದವರಿಗೆ ಹತ್ತಿ ಕೊಟ್ಟಳು. ನೀರಣ್ಣ ಅದನ್ನು ನೋಡಿ ಸುಮ್ಮನೆ ಗೋಡೆಯ ಕಡೆ ತಿರುಗಿಕೊಂಡ.

*ಎರಡು ವರ್ಷದಿಂದ...? ನೋಡದೇ...?*

ಆಕಾಶ ಮಾಸಲು ಬಣ್ಣಕ್ಕೆ ತಿರುಗಿತ್ತು. ಗಾಳಿ ಆಗೊಮ್ಮೆ ಈಗೊಮ್ಮೆ ಕಿಟಕಿಯ ಹಲಗೆಗಳನ್ನು ತಟ್ಟಿ ನೋಡುತ್ತಿತ್ತು. ಒಳಗೆ ಆರೂ ಯಂತ್ರಗಳು ಬಿಡುವಿಲ್ಲದೆ ತಿರುಗುತ್ತಿದ್ದವು. ನದಿಯಾಚೆಯವರು ಬರುತ್ತಿದ್ದರು, ಮುಗಿಸಿಕೊಂಡು ಹೋಗುತ್ತಿದ್ದರು. ಒಂದು ಮಂಚ ಖಾಲಿಯಾದಾಗಲೆಲ್ಲ ಅವಳು ಕಂಡಕ್ಟರ್ ಮುಖ ನೋಡುತ್ತಿದ್ದಳು. ಅವರ ಕಾಲು ಊದಿಕೊಳ್ಳತೊಡಗಿತ್ತು.

"ಈಗ ನೀವು ಬನ್ನಿ."

"ಆ ಅಮ್ಮನಿಗೆ ಹಾಕು. ಕಂಡಕ್ಟರ್ ಆದವನು ಪ್ರಯಾಣಿಕರೆಲ್ಲ ಹತ್ತಿದ ಮೇಲೇ ಹತ್ತೋದು. ಮೂವತ್ತು ವರ್ಷ ಹಾಗೇ ಮಾಡಿದ್ದೀನಿ, ಈಗ ಕಲಿತದ್ದು ಬಿಡ್ಲಾ?"

ಮಧ್ಯಾಹ್ನದ ಫೋನು ಹೊತ್ತಿಗೆ ಮುಂಚೆಯೇ ಬಂತು.

"ನೋಡಿ, ಅದು ಜೋರಾಗಿ ಓಡಿ ಬರ್ತಿದೆ. ಸೇತುವೆ ಸಂಜೆ ಅಲ್ಲ, ನಾಲ್ಕು ಗಂಟೆಗೇ ಮುಚ್ಚುತ್ತೆ. ಆಚೆಯವರು ಇನ್ನೂ ಎಷ್ಟು ಜನ ಇದ್ದಾರೆ?"

"ಮೂರು. ಖಾಲಿಯಿರೋ ಮಂಚವೂ ಮೂರೇ, ಆಗಿಹೋಗುತ್ತೆ. ಆದ್ರೆ ನಿಮ್ಮಪ್ಪ ಇನ್ನೂ ಹಾಕಿಸ್ಕೊಂಡಿಲ್ಲ! ಎಷ್ಟು ಹೇಳಿದ್ರೂ ಕೇಳ್ತಿಲ್ಲ. ನೀವಾದ್ರೂ ಹೇಳಿ. ಈಗ ಆ ಮೂವರಲ್ಲಿ ಒಬ್ಬರನ್ನ ಸ್ವಲ್ಪ ತಡ ಮಾಡಿ ಅವರನ್ನ..."

ಹವಾಮಾನ ಕಚೇರಿ ಇದ್ದದ್ದು ನದಿಯಾಚೆಯ ಗುಡ್ಡದ ಮೇಲೆ, ಅಪ್ಪ ಮಗನ ಮನೆ ಈಚೆ. ಸೇತುವೆ ಮುಚ್ಚಿದರೆ ಅವನು ಅಲ್ಲಿ, ಅಪ್ಪ ಇಲ್ಲಿ.

"ಬೇಡ," ಎಂದ ಅವನು. "ಆಚೆಯವರಿಗೆ ಸೇತುವೆ ತಪ್ಪಿದ್ರೆ ಮನೆಗೆ ಹೋಗೋಕಾಗಲ್ಲ. ಅಪ್ಪನ್ನ ಮುಂದೆ ತರಬೇಡಿ. ಅವರ ಪಾಳಿಗೇ ಇರಲಿ."

ಅಪ್ಪನನ್ನು ಮುಂದೆ ತಳ್ಳಲು ಬಂದಿದ್ದೀಯಾ ಎಂದು ನಿನ್ನೆ ಬೈದದ್ದು ಇದೇ ಮನುಷ್ಯನನ್ನಾ? ಇವತ್ತು ಅವಳೇ ಮುಂದೆ ತರುತ್ತೇನೆ ಎಂದರೂ ಬೇಡ ಎನ್ನುತ್ತಿದ್ದಾನೆ!

ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ ಕೊನೆಯ ವ್ಯಾನು ಸೇತುವೆ ದಾಟಿತು. ಆ ಮೂವರೂ ಮನೆ ಮುಟ್ಟಿದ ಸುದ್ದಿ ಬಂದಾಗ ಅವಳು ನಿಂತಲ್ಲೇ ಕಣ್ಣು ಮುಚ್ಚಿ ಕೈ ಮುಗಿದಳು. ಈಚೆಯವರೂ ಒಬ್ಬೊಬ್ಬರಾಗಿ ಮುಗಿಸಿದರು. ಉಳಿದವರು ಕಂಡಕ್ಟರ್ ಒಬ್ಬರೇ.

ಅವರನ್ನು ಮಲಗಿಸಿ ಸೂಜಿ ಚುಚ್ಚುವಾಗ ಹೊರಗೆ ಗಾಳಿ ಕೂಗತೊಡಗಿತ್ತು. ಕರೆಂಟು ಹೋಯಿತು. ನೀರಣ್ಣ ಜನರೇಟರ್ ಹಾಕಿದ. ಯಂತ್ರ ತಿರುಗಿತು.

ಫೋನು ಬಂತು.

"ಹಲೋ... ಟವರ್ ಯಾವಾಗ ಬೇಕಾದ್ರೂ ಬೀಳಬಹುದು. ಅಪ್ಪ...?"

"ಈಗ ತಾನೇ ಶುರು ಮಾಡಿದೆ. ನಾನಿದ್ದೀನಿ. ನೀವು ಧೈರ್ಯವಾಗಿರಿ."

"ನೀವಿದ್ದೀರಿ ಅಂತಲೇ ನಾನು ಇಲ್ಲಿ ಕೂತಿರೋಕೆ ಆಗ್ತಿದೆ. ಒಂದು ಮಾತು ಹೇಳಬೇಕಿತ್ತು. ನಾನು..."

ಅಷ್ಟೇ. ಫೋನು ಸತ್ತಿತು!

"ಹಲೋ? ಹಲೋ...!"

ಅವಳು ಅದನ್ನು ಜೇಬಿಗಿಟ್ಟು ಕಂಡಕ್ಟರ್ ಪಕ್ಕ ಕೂತಳು. ಅರ್ಧದಷ್ಟು ಹೊತ್ತು ಎಲ್ಲವೂ ಸರಿಯಾಗಿಯೇ ನಡೆಯಿತು. ಆಮೇಲೆ ಹಿತ್ತಲಲ್ಲಿ ಏನೋ ದಡಾರನೆ ಮುರಿದು ಬಿತ್ತು. ಜನರೇಟರ್ ಎರಡು ಸಲ ಬಿಕ್ಕಳಿಸಿ ನಿಂತೇಹೋಯಿತು.

ಕತ್ತಲು. ಯಂತ್ರದ ಎಚ್ಚರಿಕೆ ಗಂಟೆ ಕಿರುಚತೊಡಗಿತು.

ರಕ್ತ ಕೊಳವೆಯಲ್ಲಿ ನಿಂತರೆ ಹೆಪ್ಪುಗಟ್ಟುತ್ತದೆ. ಆ ರಕ್ತ ಮತ್ತೆ ಮೈಗೆ ಹೋಗುವಂತಿಲ್ಲ. ಆ ಮುದಿಜೀವಕ್ಕೆ ಅಷ್ಟು ರಕ್ತ ಕಳೆದುಕೊಳ್ಳುವ ಶಕ್ತಿಯಿಲ್ಲ!

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಯಂತ್ರದ ಪಕ್ಕದಲ್ಲಿ ಸಿಕ್ಕಿಸಿದ್ದ ಹಿಡಿಕೆಯನ್ನು ಕಿತ್ತು ರಕ್ತ ಓಡಿಸುವ ಪಂಪಿಗೆ ಸೇರಿಸಿ ಕೈಯಿಂದಲೇ ತಿರುಗಿಸತೊಡಗಿದಳು. ಡಾಕ್ಟರಮ್ಮ ಟಾರ್ಚ್ ಹಿಡಿದು ಕೊಳವೆಯ ಮೇಲೆ ಕಣ್ಣಿಟ್ಟರು. ನೀರಣ್ಣ ಗಾಳಿಯಲ್ಲಿ ಬಾಗಿಕೊಂಡೇ ಜನರೇಟರಿನ ಕಡೆ ಓಡಿದ.

ಒಂದೇ ವೇಗ. ಜೋರಾಗಬಾರದು, ನಿಧಾನವಾಗಬಾರದು.

"ಹಳೇ ಬಸ್ಸುಗಳಿಗೂ ಹೀಗೇ ಹ್ಯಾಂಡಲ್ ಹಾಕಿ ತಿರುಗಿಸ್ತಿದ್ವಿ ಮಗಳೇ," ಎಂದರು ಕಂಡಕ್ಟರ್, ಬಿಳಿಚಿದ ತುಟಿಯಲ್ಲೇ ನಗುತ್ತ. "ಆದ್ರೆ ಆಗ ಬಸ್ಸು ನಾನೇ ಆಗಿರಲಿಲ್ಲ!"

"ಮಾತಾಡಬೇಡಿ ಅಪ್ಪಾ..."

ಅಪ್ಪಾ ಎಂದದ್ದು ಅವಳಿಗೇ ತಿಳಿಯಲಿಲ್ಲ. ಅವರಿಗೆ ತಿಳಿಯಿತು. ಕಣ್ಣಂಚಿನಿಂದ ನೀರು ಜಾರಿ ದಿಂಬಿಗೆ ಇಳಿಯಿತು.

ಅಂಗೈ ಉರಿಯಿತು. ಭುಜ ಸೆಳೆಯಿತು. ಡಾಕ್ಟರಮ್ಮ "ನಾನು ತಿರುಗಿಸ್ತೀನಿ" ಎಂದರೂ ಅವಳು ಬಿಡಲಿಲ್ಲ. *ಅವನು ಉಳಿದ ಹನ್ನೊಂದು ಮನೆಯವರಿಗಾಗಿ ತನ್ನ ಅಪ್ಪನ ಪಾಳಿ ಕೊನೆಗಿಟ್ಟ. ಈ ಒಂದು ಜೀವ ನಾನು ಅವನಿಗೆ ಕೊಡಲೇಬೇಕು. ದೇವರೇ... ಕೊಡಲೇಬೇಕು.*

ಎಷ್ಟು ಹೊತ್ತು ಹಾಗೆ ತಿರುಗಿಸಿದಳೋ! ಕೊನೆಗೆ ಹಿತ್ತಲಿನಿಂದ ಜನರೇಟರಿನ ಗುಡುಗುಡು ಕೇಳಿಸಿತು. ದೀಪ ಮಿಣುಕಿ, ನಿಂತು, ಹೊತ್ತಿಕೊಂಡಿತು. ತಲೆಯಿಂದ ಕಾಲಿನ ತನಕ ನೆನೆದ ನೀರಣ್ಣ ಬಾಗಿಲಲ್ಲಿ ಬಂದು ನಿಂತು, ಪಂದ್ಯ ಗೆದ್ದವನ ಹಾಗೆ ಎರಡೂ ಕೈ ಮೇಲೆತ್ತಿದ.

ಕಂಡಕ್ಟರ್ ಪಾಳಿ ಪೂರ್ತಿಯಾಯಿತು.

ಮರುದಿನವೆಲ್ಲ ಚಂಡಮಾರುತದ್ದೇ ರಾಜ್ಯ. ಅದು ಮರಗಳನ್ನು ಕಿತ್ತಿತು, ಮಾಡು ಹಾರಿಸಿತು, ಬೀದಿಗಳಲ್ಲಿ ನೀರು ನಿಲ್ಲಿಸಿತು. ಸಂಜೆಯ ಹೊತ್ತಿಗೆ ದಣಿದು ದೂರ ಹೋಯಿತು. ಕೇಂದ್ರದೊಳಗೇ ಉಳಿದ ನಾಲ್ವರೂ ಬಿಸ್ಕತ್ತು ಹಂಚಿಕೊಂಡು ತಿಂದರು. ಕಂಡಕ್ಟರ್ ಪಾಲಿನ ನೀರನ್ನು ಅವಳು ಸಣ್ಣ ಲೋಟದಲ್ಲಿ ಅಳೆದು ಕೊಟ್ಟಳು. ಅವರು ಅದನ್ನು ಪಾಯಸದ ಹಾಗೆ ಚಪ್ಪರಿಸಿ ಕುಡಿದರು.

ಆದರೆ ಅವಳ ಕಣ್ಣು ಮಾತ್ರ ಸತ್ತ ಫೋನಿನ ಮೇಲೇ. *ಗುಡ್ಡದ ಮೇಲಿನ ಕಚೇರಿ... ಅಲ್ಲಿ ಗಾಳಿ ಹೇಗಿತ್ತೋ...*

ಅದರ ಮರುಬೆಳಗು ಎಳೆಬಿಸಿಲು ಬಿತ್ತು. ಸೇತುವೆ ತೆರೆಯಿತು. ಮೊದಲ ವ್ಯಾನು ಬಂದ ಸದ್ದಿಗೆ ಅವಳು ಬರಿಗಾಲಲ್ಲೇ ಹೊರಗೆ ಓಡಿದಳು.

ಟೀಚರಮ್ಮ ಇಳಿದರು. ಅವರ ಹಿಂದೆ ಕೋಲೂರಿಕೊಂಡ ಅಜ್ಜ, ಸೀರೆ ಸೆರಗು ಹೊದ್ದ ಅಮ್ಮ, ಆಚೆಯವರೆಲ್ಲ ಒಬ್ಬೊಬ್ಬರಾಗಿ... ಮುಖ ಊದಿದೆ, ಕಾಲು ಊದಿದೆ, ಆದರೆ ಎಲ್ಲರೂ ಇದ್ದಾರೆ! ಒಬ್ಬರೂ ತಪ್ಪಿಲ್ಲ!

"ಬದುಕಿಸಿದೆ ಕಣಮ್ಮ," ಎಂದು ಟೀಚರಮ್ಮ ಅವಳ ಗಲ್ಲ ಹಿಡಿದರು. "ಇವತ್ತಿನ ಬೆಳಗು ನೀನು ಕೊಟ್ಟದ್ದು."

"ನಾನಲ್ಲ ಟೀಚರಮ್ಮ. ನಾನು ಬಾಗಿಲಿಂದಾಚೆ ದಬ್ಬಿದೋರು ಕೊಟ್ಟದ್ದು..."

ಮಾತು ಅಲ್ಲೇ ನಿಂತಿತು. ವ್ಯಾನಿನ ಹಿಂಬದಿಯಿಂದ ಕೊನೆಯಲ್ಲಿ ಅವನು ಇಳಿದ. ಗಡ್ಡ ಬೆಳೆದಿತ್ತು. ಅಂಗಿ ಅದೇ, ಗುಂಡಿಯೂ ಹಾಗೇ. ಗೇಟಿನ ಹತ್ತಿರ ನಿಂತವನು ಮುಂದಕ್ಕೆ ಹೆಜ್ಜೆ ಇಡಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ. ಕೇಳಲು ಅವನಿಗೆ ಭಯ... ಏನು ಉತ್ತರ ಬಂದೀತೋ ಎಂಬ ಭಯ.

ಅವಳಿಗೆ ಅರ್ಥವಾಯಿತು.

"ಅಪ್ಪ ಚೆನ್ನಾಗಿದ್ದಾರೆ!" ದೂರದಿಂದಲೇ ಕೂಗಿ ಹೇಳಿದಳು. "ಒಳಗೆ ಮಲಗಿದ್ದಾರೆ. ಗೊರಕೆ ಹೊಡೀತಿದ್ದಾರೆ!"

ಅವನು ಅಲ್ಲೇ ಗೇಟಿನ ಮೆಟ್ಟಿಲ ಮೇಲೆ ಕುಸಿದು ಕೂತ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅತ್ತ. ಎಲ್ಲರಿಗೂ ಗಾಳಿಯ ಸುದ್ದಿ ಹೇಳುತ್ತ ಕೂತಿದ್ದವನಿಗೆ, ತನ್ನ ಮನೆಯ ಸುದ್ದಿ ತಿಳಿಯಲು ಇಷ್ಟು ಹೊತ್ತು ಬೇಕಾಯಿತು.

ಉಳಿದವರೆಲ್ಲ ಮೆಲ್ಲಗೆ ಒಳಗೆ ಸರಿದರು. ಅವಳು ಅವನ ಪಕ್ಕ ಕೂತಳು.

"ನಿಮ್ಮ ಋಣ ನಾನು ಹೇಗೆ..."

"ಸುಮ್ಮನಿರಿ. ನೀವು ಬರದೇ ಇದ್ದಿದ್ರೆ ಇವತ್ತು ಈ ವ್ಯಾನಿನಲ್ಲಿ ಅರ್ಧ ಜನ ಇರ್ತಿರಲಿಲ್ಲ. ನಾನೇ ನಿಮಗೆ ಹೇಳಬೇಕು. ಎಷ್ಟು ಹೇಳಿದ್ರೂ ಸಾಲದು."

ಮರಗಳಿಂದ ಉಳಿದ ಹನಿಗಳು ತೊಟ್ಟಿಕ್ಕುತ್ತಿದ್ದವು.

"ಫೋನು ಸತ್ತ ಮೇಲೆ ಎರಡು ಭಯ ಆಯ್ತು ನನಗೆ," ಎಂದ ಅವನು. "ಒಂದು ಅಪ್ಪನದು."

"ಇನ್ನೊಂದು?"

"ನಿಮ್ಮ ದನಿ ಇನ್ನು ಕೇಳಿಸದೇ ಹೋದ್ರೆ ಅಂತ. ಎರಡು ವರ್ಷ ಅಪ್ಪನ ಬಾಯಲ್ಲಿ ನಿಮ್ಮ ಮಾತು ಕೇಳಿದ್ದೆ. ಈ ಎರಡು ದಿನ ನಿಮ್ಮ ಬಾಯಲ್ಲೇ ಕೇಳಿದೆ. ಇನ್ನು ಅದಿಲ್ಲದೆ ನನಗೆ ಆಗಲ್ಲ. ಅವತ್ತು ಹೇಳೋಕೆ ಹೊರಟಿದ್ದು ಇಷ್ಟೇ... ನಿಮ್ಮನ್ನ ತುಂಬಾ ಪ್ರೀತಿಸ್ತೀನಿ."

ಅವಳ ಕಣ್ಣಿಂದ ಹನಿ ಉದುರಿತು. ಅದನ್ನು ಒರೆಸಿಕೊಳ್ಳಲು ಕೈ ಎತ್ತಿದಾಗ ಅವನು ಆ ಅಂಗೈ ಕಂಡ. ಸಾಲಾಗಿ ಎದ್ದ ಬೊಬ್ಬೆಗಳು, ಎರಡು ಒಡೆದು ಕೆಂಪಾಗಿದ್ದವು.

"ಇದೇನಾಯ್ತು?"

"ಏನಿಲ್ಲ. ಕರೆಂಟ್ ಹೋದಾಗ ಯಂತ್ರ ಕೈಯಲ್ಲಿ ತಿರುಗಿಸಬೇಕಾಯ್ತು... ಸ್ವಲ್ಪ ಹೊತ್ತು."

ಯಾರ ಯಂತ್ರ ಎಂದು ಅವನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಆ ಕೈಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ನೋವಾಗದ ಹಾಗೆ, ಮೆಲ್ಲಗೆ ತನ್ನ ಕಣ್ಣಿಗೆ ಒತ್ತಿಕೊಂಡ. ಅಂಗೈ ಒದ್ದೆಯಾಯಿತು.

"ತುಂಬಾ ನೋಯ್ತಿದೆಯಾ?"

"ನೋಯ್ತಿತ್ತು."

"ಈಗ?"

ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

"ಬಿಟ್ಟರೆ ನೋಯುತ್ತೆ."